ಡ್ರಾಮಾ ಮೇಷ್ಟ್ರ ಜೋಡಿ ಡಿಸ್ಕು

ಅವರ ಬಲಗಾಲಿನ ಚಪ್ಪಲಿ ಮುಂಭಾಗದಲ್ಲಿ ಮಾತ್ರ ಸವೆಯುತ್ತಿತ್ತು. ಹಿಮ್ಮಡಿ ಅಂಗಡಿಯಿಂದ ತಂದ ಹಾಗೆಯೇ ಇರುತ್ತಿತ್ತು, ಬೆರಳುಗಳ ಕೆಳಗೆ ತೂತು. ಕಾಲಿನಿಂದ ಗಾಳಿ ಒತ್ತುವ ದೊಡ್ಡ ಹಾರ್ಮೋನಿಯಂ ಮುಂದೆ ಆಯುಷ್ಯದ ಬಹುಪಾಲು ಕಳೆದ ಕಾಲು ಅದು. ಹಾರ್ಮೋನಿಯಂ ಇಲ್ಲದ ಕಡೆಯಲ್ಲೂ ಒತ್ತುತ್ತಲೇ ಇರುತ್ತಿತ್ತು. ಬಸ್ಸಿನ ಸೀಟಿನಲ್ಲಿ, ಊಟದ ಎಲೆಯ ಮುಂದೆ, ನನ್ನ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಅವರ ಜೊತೆ ಒಂದೇ ಬೆಂಚಿನಲ್ಲಿ ಕೂತರೆ ನಮ್ಮ ಮೈಯೂ ಅಲುಗುತ್ತಿತ್ತು. "ಮೇಷ್ಟ್ರೇ, ಕಾಲು" ಎಂದು ನಾನು ಗದರುತ್ತಿದ್ದೆ. ಒಂದು ಗಳಿಗೆ ನಿಲ್ಲಿಸುತ್ತಿದ್ದರು. ನಾನು ಅತ್ತ ತಿರುಗುವಷ್ಟರಲ್ಲಿ ಮತ್ತೆ ಶುರು.

ನಮ್ಮ ಕಡೆ ಡ್ರಾಮಾ ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಪೌರಾಣಿಕ ನಾಟಕ ಆಡುವ ಆಸೆಯಿರುವ ರೈತರು, ಅಂಗಡಿಯವರು, ನೌಕರಿಯವರು ಒಂದು ತಂಡ ಕಟ್ಟಿಕೊಳ್ಳುತ್ತಾರೆ. ಅವರಿಗೆ ಮಾತು, ಪದ, ಕಂದ, ನಿಲ್ಲುವ ಠೀವಿ, ಎಲ್ಲವನ್ನೂ ತಿಂಗಳುಗಟ್ಟಲೆ ಕಲಿಸಿ, ಪ್ರದರ್ಶನದ ದಿನ ಹಾರ್ಮೋನಿಯಂ ನುಡಿಸುವವರೇ ಮೇಷ್ಟ್ರು. ಇವರು ಹಳೇಕೋಟೆ ಹೋಬಳಿಯ ಹಳ್ಳಿಯೊಂದರವರು. ಹೆಂಡತಿಯ ಜೊತೆ ಹೊಳೆನರಸೀಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು ಎನ್ನುವುದು ಹೆಸರಿಗೆ. ಇವತ್ತು ಅರಕಲಗೂಡು, ನಾಳೆ ಗೊರೂರು, ನಾಡಿದ್ದು ಚನ್ನರಾಯಪಟ್ಟಣದ ಕಡೆಯ ಯಾವುದೋ ಹಳ್ಳಿ. ಮನೆಗಿಂತ ಹೆಚ್ಚು ಹೊತ್ತು ಬಸ್ ಸ್ಟ್ಯಾಂಡಿನಲ್ಲೇ ಸಿಗುತ್ತಿದ್ದರು. ನನ್ನ ಅಂಗಡಿ ಇರುವುದೂ ಅಲ್ಲೇ. ಜೆರಾಕ್ಸ್, ಪಹಣಿ ಪ್ರಿಂಟು, ಕಂಪ್ಯೂಟರ್ ರಿಪೇರಿ. ಬಸ್ಸು ತಡವಾದರೆ ಒಳಗೆ ಬಂದು ಕೂರುತ್ತಿದ್ದರು. ಕೂರುತ್ತಿದ್ದರು ಎನ್ನುವುದೂ ತಪ್ಪೇ. ಕೂತು, ಎದ್ದು, ಬಾಗಿಲಿಗೆ ಹೋಗಿ ಇಣುಕಿ, ಬಂದು, ಗುನುಗಿ, ನನ್ನ ಗಿರಾಕಿಗಳ ತಲೆ ತಿನ್ನುತ್ತಿದ್ದರು.

ಅವರ ಹತ್ತಿರ ಒಂದು ಹಳೆಯ ಕಂಪ್ಯೂಟರ್ ಇತ್ತು. ತಂಡದವರು ಪೆನ್‌ಡ್ರೈವ್ ಹಿಡಿದು ಬಂದು ಪದಗಳನ್ನು ತುಂಬಿಸಿಕೊಂಡು ಹೋಗುವರು. ಹೋಗುವಾಗ ನಾಕು ತಾಲ್ಲೂಕಿನ ವೈರಸ್ಸನ್ನೂ ಬಿಟ್ಟು ಹೋಗುವರು. ರೋಸಿಹೋಗಿ ನಾನೇ ವಿಂಡೋಸ್ ತೆಗೆದು, ಅಂಥ ವೈರಸ್ಸು ಹತ್ತದ ಲಿನಕ್ಸ್ ಹಾಕಿಕೊಟ್ಟೆ. ಮೊದಲ ವಾರವಿಡೀ ಬೈದರು. ಎರಡನೇ ವಾರ, ತಾವೇ ಅದನ್ನು ಕಂಡುಹಿಡಿದವರ ಹಾಗೆ ಗೊರೂರಿನ ಡ್ಯಾಮ್ ಕ್ವಾರ್ಟರ್ಸಿನಲ್ಲೆಲ್ಲ ಹೇಳಿಕೊಂಡು ಬಂದರು. ಅವರ ಜಂಭಕ್ಕೇನೂ ಕಡಿಮೆ ಇರಲಿಲ್ಲ.

ಅವರ ಗಂಟಲು ಕೆಟ್ಟಿದ್ದು ಆಮೇಲೆ. ಮೊದಲು ಕರಕರ ಎಂದಿತು. ಕಷಾಯ, ಜೇನುತುಪ್ಪ, ಯಾರೋ ಹೇಳಿದ ಬೇರು ಎಲ್ಲ ಆಯಿತು. ಹಾಸನದ ಡಾಕ್ಟರು ಒಳಗೆ ಇಣುಕಿ ನೋಡಿ, ಗಂಟು ಇದೆ, ತೆಗೆಯಲೇಬೇಕು, ತೆಗೆದ ಮೇಲೆ ಹಾಡುವುದು ಆಗದು, ಮಾತೂ ಉಸಿರಿನಷ್ಟೇ ಬಂದೀತು ಎಂದರು. ಅಲ್ಲಿಂದ ನೇರವಾಗಿ ನನ್ನ ಅಂಗಡಿಗೆ ಬಂದರು.

"ನಂತವ ಎಷ್ಟು ಪದ ಅವೆ ಅಂತ ನಂಗೇ ಗೊತ್ತಿಲ್ಲ ಕಣವ್ವ. ಎಲ್ಲ ಏಳಿ ಇಟ್ಬುಡ್ತೀನಿ. ನನ್ ದನಿ ಓದ್ಮೇಲೆ ಮಿಸನ್ನೇ ಪಾಠ ಏಳ್ಬೇಕು. ಆದ್ರೆ ಅದು ಕೆಟ್ಟೋಗ್ಬಾರ್ದು. ಅದೂ ಕೆಟ್ಟೋದ್ರೆ ನಾನು ಎಲ್ಡು ಸಲ ಮೂಗ ಆದಂಗೆ."

ನಮ್ಮ ಪಾತ್ರಧಾರಿಗಳಿಗೆ ಸ್ವರ ಬರೆದುಕೊಟ್ಟರೆ ಅರ್ಥವಾಗುವುದಿಲ್ಲ. ಬರೀ ಹಾರ್ಮೋನಿಯಂ ನುಡಿಸಿದರೂ ಪದ ಬಾಯಿಗೆ ಹತ್ತುವುದಿಲ್ಲ. ಮೇಷ್ಟ್ರು ಹೇಳಬೇಕು, ಅವರು ಅದನ್ನು ಕೇಳಿ ಹಾಗೆಯೇ ಹೇಳಬೇಕು. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ದನಿ ಬಾಗಬೇಕು ಎನ್ನುವುದೆಲ್ಲ ಕಿವಿಯಿಂದಲೇ ಹೋಗಬೇಕು. ಹಾಗಾಗಿ ಆ ಕಂಪ್ಯೂಟರಿನೊಳಗೆ ಉಳಿಯಬೇಕಾಗಿದ್ದು ಅವರ ದನಿ, ಅವರ ಅನ್ನ, ಅವರ ಗುರುಗಳು ಅವರಿಗೆ ಕೊಟ್ಟ ಮಟ್ಟುಗಳು. ಇದ್ದದ್ದು ಒಂದೇ ಹಾರ್ಡ್ ಡಿಸ್ಕು. ಅದೂ ಆಗಾಗ ಕಟಕಟ ಎನ್ನುತ್ತಿತ್ತು.

ಒಂದಕ್ಕಿಂತ ಹೆಚ್ಚು ಡಿಸ್ಕು ಹಾಕಿ, ಒಂದು ಕೆಟ್ಟರೂ ಕೆಲಸ ನಿಲ್ಲದ ಹಾಗೆ ಜೋಡಿಸಬಹುದು ಎಂದು ನಾನು ಹೇಳಿದ್ದೇ ತಡ, ನನ್ನ ನೆಮ್ಮದಿಯೂ ಹೋಯಿತು. ಎಷ್ಟು ಡಿಸ್ಕು, ಹೇಗೆ ಜೋಡಿಸುವುದು? ದಿನಾ ಅದೇ ಮಾತು. ಎರಡು ಹಾಕಿದರೆ ಒಂದಕ್ಕೆ ಬರೆದದ್ದೆಲ್ಲ ಆ ಕ್ಷಣವೇ ಇನ್ನೊಂದಕ್ಕೂ ಬರೆದುಕೊಳ್ಳುತ್ತದೆ, ಕನ್ನಡಿಯ ಹಾಗೆ ಎಂದೆ. ಕೇಳಿದ ಕೂಡಲೇ ಅವರ ಮುಖ ಅರಳಿತು.

"ನಮ್ ಜೋಡಿ ಪಾರ್ಟು ಅನ್ನು."

ನಮ್ಮ ನಾಟಕಗಳಲ್ಲಿ ದೊಡ್ಡ ಪಾತ್ರವನ್ನು ಒಬ್ಬರೇ ಮಾಡುವುದಿಲ್ಲ. ಅರ್ಧದವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು. ಪೋಸ್ಟರಿನಲ್ಲಿ ಒಂದನೆಯವರು, ಎರಡನೆಯವರು ಎಂದು ಇಬ್ಬರ ಫೋಟೋವನ್ನೂ ಹಾಕಿರುತ್ತಾರೆ. ಮೇಷ್ಟ್ರು ಮಾತ್ರ ಇಬ್ಬರಿಗೂ ಪೂರ್ತಿ ಪಾರ್ಟು ಕಲಿಸುತ್ತಿದ್ದರು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಕೊನೆತನಕ ಆಡಬೇಕು, ನಾಟಕ ನಿಲ್ಲಕೂಡದು. ಹಾಗಾಗಿ ಎರಡು ಡಿಸ್ಕು ಅವರ ತಲೆಗೆ ಸಲೀಸಾಗಿ ಇಳಿಯಿತು. ತೊಂದರೆ ಶುರುವಾದದ್ದು ಮೂರರಲ್ಲಿ. ಹಾಡುಗಳನ್ನು ಮೂರಕ್ಕೂ ಹಂಚಿ, ಜೊತೆಗೊಂದು ಲೆಕ್ಕವನ್ನೂ ಇಟ್ಟುಕೊಳ್ಳುತ್ತದೆ, ಒಂದು ಡಿಸ್ಕು ಹೋದರೆ ಮಿಕ್ಕ ಎರಡು ಸೇರಿ ಹೋದದ್ದನ್ನು ಲೆಕ್ಕ ಹಾಕಿ ಕೊಡುತ್ತವೆ ಎಂದೆ.

"ಅಂದ್ರೆ ಒಬ್ಬ ಬರ್ನಿಲ್ಲ ಅಂದ್ರೆ ಮಿಕ್ಕಿದ್ ಇಬ್ರು ಅವನ್ ಪಾರ್ಟ್ನ ಊಹೆ ಮಾಡ್ಕಂಡು ಆಡ್ತರೆ ಅಂತ."

"ಊಹೆ ಅಲ್ಲ ಮೇಷ್ಟ್ರೇ, ಲೆಕ್ಕ. ತಪ್ಪಲ್ಲ ಅದು."

"ನಮ್ಮೋರ್ ಲೆಕ್ಕ ನಂಗೊತ್ತಿಲ್ವಾ. ಬ್ಯಾಡ."

ಬೇಡ ಎಂದವರು ಮಾರನೆಯ ದಿನ ಬಂದು ಮೂರೇ ಇರಲಿ ಎಂದರು. ಅದರ ಮಾರನೆಯ ದಿನ, ಹಾಸನದಲ್ಲಿ ಯಾರೋ ನಾಕು ಹಾಕಿಸಿದರೆ ಎರಡು ಕೆಟ್ಟರೂ ನಡೆಯುತ್ತದೆ ಎಂದರಂತೆ, ನಾಕು ಹಾಕು ಎಂದರು. ಅವರ ಹಳೇ ಪೆಟ್ಟಿಗೆಯೊಳಗೆ ನಾಕು ಡಿಸ್ಕಿಗೆ ಜಾಗವೇ ಇಲ್ಲ. ಅತ್ತ ಆಪರೇಷನ್ ಹತ್ತಿರ ಬರುತ್ತಿತ್ತು. ದನಿ ದಿನದಿನಕ್ಕೆ ಒಡೆಯುತ್ತಿತ್ತು. ಇವರು ನೋಡಿದರೆ ಗೋಡೆಯಿಂದ ಗೋಡೆಗೆ ನಡೆಯುತ್ತ ಎರಡಾ, ಮೂರಾ ಎನ್ನುತ್ತಿದ್ದರು. ನನಗೆ ನಿಜಕ್ಕೂ ಸಿಟ್ಟು ಬಂತು. "ಮೇಷ್ಟ್ರೇ, ನೀವು ಡಿಸ್ಕು ಆರಿಸೋದ್ರೊಳಗೆ ಒಳಗೆ ತುಂಬಾಕೆ ದನೀನೇ ಇರಲ್ಲ" ಎಂದುಬಿಟ್ಟೆ. ಪಹಣಿಗೆ ಕಾದಿದ್ದವರು ತಲೆ ತಗ್ಗಿಸಿದರು. ಮೇಷ್ಟ್ರು ನಡೆಯುವುದನ್ನು ನಿಲ್ಲಿಸಿ, "ಸರಿ, ಎಲ್ಡೇ" ಎಂದರು.

ಆ ಸಂಜೆಯೇ ಹೋಗಿ ಒಂದೇ ಅಂಗಡಿಯಿಂದ ಒಂದೇ ಕಂಪನಿಯ ಎರಡು ಡಿಸ್ಕು ತಂದರು. ಒಂದೇ ಬ್ಯಾಚಿನಲ್ಲಿ ತಯಾರಾದ ಡಿಸ್ಕುಗಳಲ್ಲಿ ಒಂದು ಕೆಟ್ಟ ಕೆಲವೇ ದಿನಕ್ಕೆ ಇನ್ನೊಂದೂ ಕೆಡಬಹುದು, ಒಂದನ್ನು ವಾಪಸು ಕೊಟ್ಟು ಬೇರೆ ಕಡೆ ತನ್ನಿ ಎಂದೆ. ಜಗಳ ಆಡುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಹಣೆ ಚಚ್ಚಿಕೊಂಡರು.

"ಇದು ನಂಗೇ ಒಳೀಬೇಕಿತ್ತು ಕಣವ್ವ. ಒಂದೇ ಮನ್ತನದೋರ್ಗೆ ನಾನು ಜೋಡಿ ಪಾರ್ಟು ಕೊಡಾಕಿಲ್ಲ. ಸೂತ್ಕ ಬಂದ್ರೆ ಇಬ್ರೂ ಬಣ್ಣ ಅಚ್ಚಂಗಿಲ್ಲ, ನಾಟ್ಕ ಮಕಾಡೆ."

ಒಂದನ್ನು ಇಟ್ಟುಕೊಂಡು, ಇನ್ನೊಂದನ್ನು ಚನ್ನರಾಯಪಟ್ಟಣದಲ್ಲಿ ಬೇರೆ ಕಂಪನಿಯದು ತಂದರು. ಜೋಡಿಸಿ ಕೊಟ್ಟೆ. ಒಂದನ್ನು ಹೊರತೆಗೆದು ಮತ್ತೆ ಸೇರಿಸುವುದು ಹೇಗೆ ಎಂದು ತೋರಿಸಲೇಬೇಕು ಎಂದು ಹಟ ಹಿಡಿದರು. ತೋರಿಸಿದೆ. ನಾನಿಲ್ಲದಾಗ ಮಾತ್ರ ಬಿಚ್ಚಬೇಡಿ ಎಂದೂ ಹೇಳಿದೆ. ಅವರು ಬರೆದುಕೊಳ್ಳಲಿಲ್ಲ. ನಾನು ಟೈಪು ಮಾಡಿದ ಕಮಾಂಡನ್ನು ಒಂದೊಂದೇ ಅಕ್ಷರ ಕೇಳಿ, ದುಃಖದ ಸೀನಿಗೆ ಬಳಸುವ ಒಂದು ಮಟ್ಟಿಗೆ ಕೂರಿಸಿ, ಒಡೆದ ದನಿಯಲ್ಲೇ ಹಾಡಿದರು. ಎರಡೇ ಸಲಕ್ಕೆ ಬಾಯಿಪಾಠ. ಇಡೀ ಅಂಗಡಿ ನಕ್ಕಿತು, ನಾನೂ ನಕ್ಕೆ.

ಆಮೇಲೆ ಅವರು ಬೆಳಿಗ್ಗೆಯಿಂದ ಸಂಜೆತನಕ ಮನೆಯಲ್ಲಿ ಕೂತು ಹಾಡಿ ತುಂಬಿಸಿದರು. ಉಸಿರು ಕಟ್ಟಿದಾಗ ಅವರ ಹೆಂಡತಿ ಬಿಸಿನೀರು ಕೊಡುವರು. ನಾನು ಮೂರನೆಯ ಒಂದು ಡಿಸ್ಕು ತಂದು, ವಾರಕ್ಕೊಮ್ಮೆ ಎಲ್ಲವನ್ನೂ ನಕಲು ಮಾಡಿ ಅಂಗಡಿಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದೆ. ಎರಡು ಇರುವಾಗ ಮೂರನೆಯದು ಯಾಕೆ ಎಂದು ಅವರ ತಕರಾರು. ಜೋಡಿ ಎನ್ನುವುದು ಡಿಸ್ಕು ಕೆಟ್ಟರೆ ಕಾಯುತ್ತದೆಯೇ ಹೊರತು ಮನುಷ್ಯ ಕೆಡಿಸಿದ್ದನ್ನು ಕಾಯುವುದಿಲ್ಲ, ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ, ಅದಕ್ಕೇ ಮನೆಯ ಹೊರಗೊಂದು ನಕಲು ಬೇಕು ಎಂದು ಹೇಳಿ ಹೇಳಿ ನನ್ನ ಗಂಟಲೂ ಹೋಯಿತು. "ಊಂ ಕಣವ್ವ, ನಾನೇ ಒಂದ್ಸಲ ಇಬ್ರಿಗೂ ತಪ್ಪು ಮಾತು ಏಳ್ಕೊಟ್ಟಿದ್ದೆ, ಇಬ್ರೂ ಅದುನ್ನೇ ಜಾಗಟೆ ಒಡ್ದಂಗೆ ಒದರುದ್ರು" ಎಂದು ಒಪ್ಪಿಕೊಂಡರು. ಒಪ್ಪಿಕೊಂಡೂ ಮೂಗು ಮುರಿದರು. ಆದರೂ ನಾನು ಅವರ ಮನೆಗೆ ಹೋಗಿ ನಕಲು ತಂದಿಟ್ಟೆ.

ಮೂರು ಪದ ಮಾತ್ರ ಉಳಿದಿದ್ದವು. ಗದೆ ಹಿಡಿದ ರಾಜ ಎಲ್ಲವನ್ನೂ ಕಳೆದುಕೊಂಡ ಮೇಲೆ ಹೇಳುವ ಪದಗಳು. ಅವರ ಗುರುಗಳು ಇವರೊಬ್ಬರಿಗೇ ಕೊಟ್ಟದ್ದಂತೆ. ತಬಲಾ ಇಲ್ಲದೆ ಅದನ್ನು ಹಾಡಿಡಲು ಒಪ್ಪಲಿಲ್ಲ. ಬಸ್ಸು ಕಾಯುವ ನೆಪದಲ್ಲಿ ನನ್ನ ಅಂಗಡಿಯಲ್ಲಿ ದಿನಾ ಅದನ್ನೇ ಅಭ್ಯಾಸ ಮಾಡುತ್ತಿದ್ದರು. ಒಂದು ಸಾಲನ್ನು ಹತ್ತು ರೀತಿ ತಿರುಗಿಸಿ ನೋಡುವರು. ಜೆರಾಕ್ಸ್ ಮಿಷನ್ನಿನ ಸದ್ದು, ಹೊರಗೆ ಕಂಡಕ್ಟರುಗಳ ಕೂಗು, ಒಳಗೆ ಇವರು. ಸಾಕಪ್ಪಾ ಸಾಕು ಎನ್ನಿಸುತ್ತಿತ್ತು.

ಆಪರೇಷನ್ನಿಗೆ ಇನ್ನೇನು ಎರಡು ದಿನ ಎನ್ನುವಾಗ ಅರಕಲಗೂಡಿಗೆ ಹೋದರು. ಅಲ್ಲಿನ ಬಟ್ಟೆ ಅಂಗಡಿಯವರೊಬ್ಬರು ಆ ರಾಜನ ಪಾತ್ರದ ಒಂದನೆಯವರು. ಎರಡನೆಯವರು ದಂಡಿಗನಹಳ್ಳಿಯ ರೈತರು. ಬಟ್ಟೆ ಅಂಗಡಿಯ ಮಹಡಿಯಲ್ಲಿ ಅವರ ತಂಡದ ಅಭ್ಯಾಸ ನಡೆಯುತ್ತಿತ್ತು. ತಬಲಾದವರೂ ಇದ್ದರು, ಲಿನಕ್ಸ್ ಹಾಕಿದ ಲ್ಯಾಪ್‌ಟಾಪೂ ಇತ್ತು. ಮೇಷ್ಟ್ರು ನನಗೆ ಒಂದು ಮಾತೂ ಹೇಳದೆ, ಮನೆಯ ಕಂಪ್ಯೂಟರಿನ ಎರಡು ಡಿಸ್ಕಿನಲ್ಲಿ ಒಂದನ್ನು ಬಿಚ್ಚಿಕೊಂಡು ಹೋದರು. ಅವರ ಲೆಕ್ಕದಲ್ಲಿ ಅದು ಸರಿಯೇ. ಜೋಡಿ ಪಾರ್ಟಿನವರಲ್ಲಿ ಒಬ್ಬ ಊರಲ್ಲಿರಲಿ, ಇನ್ನೊಬ್ಬ ಬೇರೆ ಊರಿಗೆ ಹೋಗಿ ಆಡಿಕೊಂಡು ಬರಲಿ. ಬಂದ ಮೇಲೆ ಇಬ್ಬರೂ ಒಂದೇ ತಂಡ ತಾನೆ?

ಅಲ್ಲಿ ಆ ಮೂರು ಪದಗಳನ್ನು ಹಾಡಿದರು. ಅವತ್ತು ದನಿ ಹೇಗೋ ಕೂಡಿಬಂದಿತ್ತಂತೆ. ತಬಲಾದವರು ಬಾರಿಸುವುದನ್ನು ಬಿಟ್ಟು ಕಣ್ಣೊರೆಸಿಕೊಂಡರಂತೆ. ಎಲ್ಲವನ್ನೂ ಆ ಡಿಸ್ಕಿಗೇ ತುಂಬಿಕೊಂಡು, ಮಾರನೆಯ ದಿನ ಮನೆಗೆ ಬಂದು, ಅದನ್ನು ಸಿಕ್ಕಿಸಿ, ಹಾಡಿಕೊಂಡು ಕಲಿತಿದ್ದ ಕಮಾಂಡನ್ನು ಒಂದಕ್ಷರವೂ ತಪ್ಪದೆ ಹೊಡೆದರು. ಮಿಷನ್ನಿಗೆ ಏನು ಗೊತ್ತು? ಮನೆಯಲ್ಲಿ ಇದ್ದದ್ದೇ ನಿಜವಾದದ್ದು, ಹೊರಗೆ ಹೋಗಿ ಬಂದದ್ದು ಹಿಂದೆ ಬಿದ್ದಿದೆ ಎಂದುಕೊಂಡಿತು. ಹೋಗಿ ಬಂದದ್ದರ ಮೇಲೆ ಮನೆಯದನ್ನು ಅಚ್ಚುಕಟ್ಟಾಗಿ ಬರೆದು ಮುಗಿಸಿತು. ದೀಪ ಮಿಣಮಿಣ ಎನ್ನುವುದನ್ನು ನೋಡುತ್ತ ಮೇಷ್ಟ್ರು ನನಗೆ ಫೋನು ಮಾಡಿ, "ಎಲ್ಡೂ ಜೋಡಿ ಆಯ್ತಾವೆ ಕಣವ್ವ, ಇನ್ನು ಕುಯ್ಯಲಿ ಬುಡು" ಎಂದರು. ನಾನು ಕೇಳಿದ ಅವರ ತುಂಬಿದ ದನಿ ಅದೇ ಕೊನೆ.

ಆಪರೇಷನ್ ಆಯಿತು. ಗಾಯ ಒಣಗಿತು. ಒಂದು ಮಧ್ಯಾಹ್ನ ಕಂಪ್ಯೂಟರಿನ ಪೆಟ್ಟಿಗೆಯನ್ನೇ ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ಬಂದರು. ಕತ್ತಿಗೆ ಮಫ್ಲರ್ ಸುತ್ತಿತ್ತು. ಬಾಯಿ ತೆರೆದರೆ ಬರೀ ಗಾಳಿ, ಅದರೊಳಗೆ ಮಾತನ್ನು ಹುಡುಕಬೇಕು. "ಮೂರು ಪದ ಕಾಣ್ತಿಲ್ಲ" ಎಂದರು. ಬಿಚ್ಚಿ ನೋಡಿದೆ, ಏನಾಗಿದೆ ಎಂದು ಗೊತ್ತಾಯಿತು. ಅಳಿಸಿದ್ದನ್ನು ಮರಳಿ ಹುಡುಕುವ ಸಾಧನಗಳನ್ನೆಲ್ಲ ಓಡಿಸಿದೆ. ಏನೂ ಉಳಿದಿರಲಿಲ್ಲ. ಅಂಗಡಿಯಲ್ಲಿದ್ದ ನನ್ನ ನಕಲು ಅರಕಲಗೂಡಿಗಿಂತ ಹಿಂದಿನದು. ಬಟ್ಟೆ ಅಂಗಡಿಯವರಿಗೆ ಫೋನು ಮಾಡಿದರೆ, ಲ್ಯಾಪ್‌ಟಾಪಿನಲ್ಲಿ ಏನೂ ಇಲ್ಲ, ಒಂದೇ ಸಲ ಕೇಳಿದ್ದು, ನೆನಪಿಲ್ಲ ಎಂದರು. ನನಗೆ ತಡೆಯಲಾಗಲಿಲ್ಲ. ಕಾಯಿಲೆಯ ಮನುಷ್ಯ ಎಂದೂ ನೋಡದೆ ಬೈದೆ. ಬಿಚ್ಚಬೇಡಿ ಎಂದಿದ್ದೆನಾ ಇಲ್ಲವಾ? ನಿಮ್ಮ ಆತುರಕ್ಕೆ ಬೆಂಕಿ ಹಾಕ. ಅವರು ಎದ್ದು ಬಾಗಿಲಿಗೂ ಹೋಗಲಿಲ್ಲ. ಕುರ್ಚಿಯಲ್ಲಿ ಅಲುಗದೆ ಕೂತಿದ್ದರು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಸಿಟ್ಟಿನಲ್ಲೇ ನಾನು, "ಆ ಮೊದಲನೇ ಪದ ಎಷ್ಟು ಸಲ ಕೊರೆದಿದ್ದೀರಿ ಇಲ್ಲಿ" ಎಂದು ಅದರ ಮೊದಲ ಸಾಲನ್ನು ಅಣಕಿಸುವ ಹಾಗೆ ಹೇಳಿದೆ. ಹೇಳುತ್ತಲೇ ಎರಡನೇ ಸಾಲು ಬಂತು, ಮೂರನೆಯದೂ ಬಂತು. ಎಲ್ಲಿ ದನಿ ಬಾಗಬೇಕೋ ಅಲ್ಲಿ ಬಾಗಿತು. ನನಗೇ ಗಾಬರಿಯಾಗಿ ನಿಲ್ಲಿಸಿದೆ. ಮೇಷ್ಟ್ರು ಎದ್ದು ನಿಂತು ಕೈ ಆಡಿಸುತ್ತಿದ್ದರು, ಮುಂದೆ, ಮುಂದೆ ಎಂದು.

ನಾನು ಹಾಡುವವಳಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸಿದಾಗ ಗಂಡುದನಿ ಎಂದು ಎಲ್ಲರೂ ನಕ್ಕಿದ್ದರು. ಆಮೇಲೆ ಜೋಗುಳಕ್ಕೂ ಬಾಯಿ ತೆರೆದಿರಲಿಲ್ಲ. ಆಗುವುದಿಲ್ಲ ಮೇಷ್ಟ್ರೇ ಎಂದೆ. ಅವರು ನನ್ನ ಕಿವಿಯ ಹತ್ತಿರ ಬಾಗಿದರು.

"ರಾಜನ್ ಪಾರ್ಟಿಗೆ ಗಂಡುದನೀನೇ ಬೇಕು. ಏಳು."

ಮಾರನೆಯ ದಿನದಿಂದ ಮಧ್ಯಾಹ್ನ ಶಟರು ಅರ್ಧ ಇಳಿಸಿ ಅವರ ಮನೆಗೆ ಹೋದೆ. ಅವರು ಹಾರ್ಮೋನಿಯಂ ಮುಂದೆ, ನಾನು ಮೈಕಿನ ಮುಂದೆ. ತಪ್ಪಿದರೆ ಹಾರ್ಮೋನಿಯಂ ಮರಕ್ಕೆ ಬೆರಳಿನಿಂದ ಕುಟ್ಟುವರು. ಮತ್ತೆ, ಮತ್ತೆ. ನನಗೆ ಸಿಟ್ಟು ಬಂದು ಎದ್ದು ಬಂದದ್ದೂ ಇದೆ. ಅವರ ಹೆಂಡತಿ ಬಾಗಿಲಿನಲ್ಲಿ ತಡೆದು, "ಒಸಿ ತಾಳವ್ವ, ಅವ್ರಿಗೆ ಉಳ್ದಿರದು ಇದೊಂದೇಯ" ಎಂದು ವಾಪಸು ಕೂರಿಸಿದರು. ಎರಡು ಪದ ಒಂದು ವಾರದಲ್ಲಿ ಮುಗಿದವು. ಮೂರನೆಯದರ ಕೊನೆಯ ಸಾಲು ಬಗ್ಗಲೇ ಇಲ್ಲ. ಸೋತ ರಾಜ ಅಳಬಾರದು, ಆದರೆ ಕೇಳುವವರಿಗೆ ಅಳು ಬರಬೇಕು, ಅಂಥ ಜಾಗ. ಕೊನೆಗೊಂದು ದಿನ ಅದು ತಾನಾಗಿಯೇ ಬಂತು. ನಾನು ಉಸಿರು ಬಿಡುವ ಮೊದಲೇ ಮೇಷ್ಟ್ರು ಪಿಸುಗುಟ್ಟಿದರು.

"ಅಂಗೇ ಕಣವ್ವ, ಅಂಗೇ."

ಅದೂ ರೆಕಾರ್ಡ್ ಆಯಿತು. ಕತ್ತರಿಸಿ ಹಾಕುವುದು ನನಗೆ ಒಂದು ನಿಮಿಷದ ಕೆಲಸ. ಕತ್ತರಿಸಲಿಲ್ಲ. ಎರಡು ಡಿಸ್ಕಿಗೆ, ಅಂಗಡಿಯ ನಕಲಿಗೆ, ಅರಕಲಗೂಡಿನ ತಂಡಕ್ಕೆ, ಎಲ್ಲ ಕಡೆಗೂ ಹಾಗೆಯೇ ಹೋಯಿತು.

ಆಮೇಲೆ ಕೆಲವು ಕಾಲ ಅವರು ಹಾಗೆ ಪಾಠ ಹೇಳಿದರು. ಕಂಪ್ಯೂಟರ್ ಹಾಡುವುದು, ಇವರು ನುಡಿಸುವುದು, ಶಿಷ್ಯರು ಕೇಳಿ ಹೇಳುವುದು. ರೋಗ ಮತ್ತೆ ಮೇಲೆದ್ದಿತು. ಹಳೇಕೋಟೆ ಕಡೆಯ ತಮ್ಮ ಹಳ್ಳಿಗೆ ಹೋಗಿ ಅಲ್ಲೇ ತೀರಿಕೊಂಡರು. ಮಣ್ಣಿಗೆ ನಾಕೂ ತಾಲ್ಲೂಕಿನ ರಾಜರು, ಮಂತ್ರಿಗಳು, ಋಷಿಗಳು ಲುಂಗಿ ಪಂಚೆಯಲ್ಲಿ ಬಂದು ನಿಂತಿದ್ದರು. ನಾನು ಅವತ್ತು ಅಳಲಿಲ್ಲ. ಕಂಪ್ಯೂಟರ್ ಯಾರು ನೋಡಿಕೊಳ್ಳುತ್ತಾರೆ, ಒಂದು ಡಿಸ್ಕು ಕೆಟ್ಟರೆ ಹೊಸದನ್ನು ಯಾರು ಹಾಕುತ್ತಾರೆ ಎನ್ನುವ ಚಡಪಡಿಕೆಯಲ್ಲೇ ಇದ್ದೆ. ಈಗಲೂ ಅದು ನನ್ನ ಅಂಗಡಿಯಲ್ಲೇ ಓಡುತ್ತಿದೆ. ಒಂದನ್ನು ಆಗಲೇ ಬದಲಾಯಿಸಿದ್ದೇನೆ.

ಅರಕಲಗೂಡಿನ ತಂಡದ ನಾಟಕ ಈ ವರ್ಷ ಹಾಸನದ ಸಭಾಂಗಣದಲ್ಲಿ ನಡೆಯಿತು. ಈಗೀಗ ಅಲ್ಲಿ ಹಗಲು ನಾಟಕಗಳೇ ಹೆಚ್ಚು. ಬೆಳಿಗ್ಗೆ ಶುರುವಾದರೆ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತದೆ. ಹಾರ್ಮೋನಿಯಂಗೆ ಬೇರೆ ಮೇಷ್ಟ್ರು ಬಂದಿದ್ದರು. ಅರ್ಧದವರೆಗೆ ಬಟ್ಟೆ ಅಂಗಡಿಯವರು ಗದೆ ಹೊತ್ತರು, ಊಟದ ನಂತರ ದಂಡಿಗನಹಳ್ಳಿಯವರು. ಆ ಮೂರು ಪದಗಳು ಅವರ ಪಾಲಿನವು. ನಾನು ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ಎಲ್ಲಿ ತಪ್ಪುತ್ತಾರೋ ಎಂಬ ಭಯ. ಎಲ್ಲೂ ತಪ್ಪಲಿಲ್ಲ. ಮೂರನೆಯದರ ಕೊನೆಯ ಸಾಲನ್ನು ಬಾಗಿಸಿ ಇಳಿಸಿ, ಗದೆಯನ್ನು ನೆಲಕ್ಕಿಟ್ಟರು. ಚಪ್ಪಾಳೆ ಏಳುವ ಮೊದಲು, ಮೈಕಿನ ಹತ್ತಿರ ಬರೀ ಉಸಿರಿನಲ್ಲಿ ಹೇಳಿದರು.

"ಅಂಗೇ ಕಣವ್ವ, ಅಂಗೇ."

ಸಭೆಯಲ್ಲಿ ಯಾರೂ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. ನಾಟಕ ಮುಂದಕ್ಕೆ ಹೋಯಿತು. ಮುಗಿದ ಮೇಲೆ ನಾನು ಬಣ್ಣದ ಕೋಣೆಗೆ ಹೋದೆ. ಅವರು ಕಿರೀಟ ತೆಗೆದಿಟ್ಟು, ಕೊಬ್ಬರಿ ಎಣ್ಣೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಅಣ್ಣಾ, ಆ ಕೊನೇ ಮಾತು ಪದದ್ದಲ್ಲ, ಅದು ಬೇಕಾಗಿಲ್ಲ ಎಂದೆ.

"ಗೊತ್ತು ಕಣಕ್ಕ. ಮೇಷ್ಟ್ರು ನಿಮ್ಗೆ ಅಂದಿದ್ದು ಅದು. ಬುಟ್ಟು ಏಳಾಕೆ ಎಷ್ಟೋ ನೋಡ್ದೆ. ಅದಿಲ್ದಿದ್ರೆ ನಂಗೆ ಪದ ಮುಗಿಯಾಕಿಲ್ಲ."

ನಾನು ಹೊರಗೆ ಬಂದು, ಸಿಕ್ಕಿದ ಬಸ್ಸು ಹತ್ತಿ, ಹೊಳೆನರಸೀಪುರದವರೆಗೂ ಅತ್ತೆ.